ಮಳೆಗಾಲದಲ್ಲಿ ಒಂದೇ ದಿನ ಎರಡು ಘಾಟಿ: ನನ್ನ ಅನುಭವ

ಆಶ್ಲೇಷ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು, ಅದೇ ದಿನ ಹುಲಿಕಲ್ ಘಾಟಿ ಹತ್ತಿ, ಕತ್ತಲಾಗುವ ಮೊದಲೇ ಶಿವಮೊಗ್ಗಕ್ಕೆ ವಾಪಸ್ ಬರಬಹುದು. ಅದೂ 110 ಸಿಸಿ ಬೈಕಿನಲ್ಲಿ. ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಎರಡನೇ ಘಾಟಿಯಲ್ಲಿ ಮಂಜು ಹಿಡಿದು ಕೂರಿಸುತ್ತೆ ನೋಡು" ಅಂದರು. ಈಗ ಅವರೇ ದಾರಿ ಕೇಳುತ್ತಿದ್ದಾರೆ.

ಸುತ್ತು ಇಷ್ಟೇ. ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ. ಅಲ್ಲಿಂದ ಕುಂದಾಪುರ ಕಡೆಯ ಸಿದ್ದಾಪುರ, ಹೊಸಂಗಡಿ, ಹುಲಿಕಲ್, ಮಾಸ್ತಿಕಟ್ಟೆ. ಆಮೇಲೆ ನಗರ (ಹಳೇ ಬಿದನೂರು), ಹೊಸನಗರ, ರಿಪ್ಪನ್‌ಪೇಟೆ, ಆಯನೂರು. ಎಲ್ಲ ಸೇರಿ 270 ಕಿ.ಮೀ. ಆಸುಪಾಸು.

ಮೊದಲೆಲ್ಲ ಟೈಮ್ ಹಾಕಿಕೊಂಡು ಹೋಗುತ್ತಿದ್ದೆವು. ಇಷ್ಟು ಗಂಟೆಗೆ ಆಗುಂಬೆ, ಇಷ್ಟು ಗಂಟೆಗೆ ಹೆಬ್ರಿ ಅಂತ. ಪ್ರತಿ ಸಲವೂ ಕೆಡುತ್ತಿತ್ತು. ಮೊಬೈಲ್ ನೋಡಿದರೆ ಇಡೀ ದಿನ ಮಳೆ ಅನ್ನುತ್ತೆ. ಆಗಸ್ಟಿನಲ್ಲಿ ಮಲೆನಾಡಿಗೆ ಮಳೆ ಬರುತ್ತೆ ಅಂತ ಹೇಳಲು ಮೊಬೈಲ್ ಬೇಕಾ? ನಮಗೆ ಬೇಕಾದ್ದು ಹೊಳವು, ಅಂದರೆ ಮಳೆ ನಡುವೆ ಬಿಡುವು ಕೊಡುವುದು, ಯಾವಾಗ ಅನ್ನುವುದು.

ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವ ಕಡೆಯೇ ಮಂಜು ದಟ್ಟ. ತೀರ್ಥಹಳ್ಳಿಯಲ್ಲಿ ಬರೀ ಜಿನುಗು ಮಳೆ ಇದ್ದಾಗಲೂ ಆಗುಂಬೆಯಲ್ಲಿ ಎದುರಿನ ಬಸ್ಸಿನ ಲೈಟ್ ಹತ್ತಿರ ಬರುವ ತನಕ ಕಾಣುವುದಿಲ್ಲ. 14 ತಿರುವು ಇಳಿದು ಸೋಮೇಶ್ವರ ಮುಟ್ಟಿದರೆ ರಸ್ತೆ ಮತ್ತೆ ಸ್ಪಷ್ಟ. ಅಂದರೆ ಕಷ್ಟದ ದಾರಿ ಎರಡು ಘಾಟಿಯ ಅಂಚು ಮಾತ್ರ. ಉಳಿದದ್ದೆಲ್ಲ ಸುಮ್ನೆ ನೆನೆಯುವ ದಾರಿ. ಹಾಗಾಗಿ ನಾನು ಟೈಮ್ ಬಿಟ್ಟು ಜಾಗ ಹಿಡಿದೆ. ತೀರ್ಥಹಳ್ಳಿಯಲ್ಲಿ ಒಮ್ಮೆ, ಸಿದ್ದಾಪುರದಲ್ಲಿ ಒಮ್ಮೆ ನಿಂತು ಆಕಾಶ ನೋಡುವುದು. ಅರ್ಧ ಗಂಟೆಯಾಗಲಿ, ಎರಡು ಗಂಟೆಯಾಗಲಿ, ಅಲ್ಲೇ ಕಾಯುವುದು. ಆಗುಂಬೆ ಪೇಟೆಯಲ್ಲಿ ಮಾತ್ರ ಕಾಯಬೇಡಿ. ಮೈ ತಣ್ಣಗಾಗಿ ಕೈ ಮರಗಟ್ಟುತ್ತೆ, ಆಮೇಲೆ ಕ್ಲಚ್ ಹಿಡಿಯಲು ಆಗುವುದಿಲ್ಲ.

ಹೊರಡುವುದು ಯಾವಾಗ? ಓರೆಯಾಗಿ ಒಂದೇ ಸಮ ಬೀಳುವ ಮಳೆಯಲ್ಲಿ ಬೇಡ. ದಪ್ಪ ಹನಿಯ ಜೋರು ಹೊಡೆತ ಬಂತು ಅಂದರೆ ಅದರ ಹಿಂದೆಯೇ ಹೆಚ್ಚಾಗಿ ಹೊಳವಾಗುತ್ತೆ. ಹೊಡೆತ ಇಳಿಯುತ್ತಿದ್ದ ಹಾಗೆ ಗಾಡಿ ಹತ್ತಬೇಕು. ಸಿದ್ದಾಪುರದಿಂದ ಘಟ್ಟದ ಕಡೆ ನೋಡಿ ಹೇಳುವ ಇನ್ನೊಂದು ಗುರುತಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡು ಜಾಸ್ತಿ ಹೋಗಿದ್ದು ಮಳೆ ಬಟ್ಟೆಗೆ. ಒಂಬೈನೂರರ ರೇನ್‌ಕೋಟ್ ಮಂಡಗದ್ದೆ ದಾಟುವಷ್ಟರಲ್ಲಿ ತೊಡೆಯ ಹೊಲಿಗೆಯಲ್ಲಿ ಸೋರಿತು. ಮೂರೂವರೆ ಸಾವಿರದ ಬೂಟಿಗೆ ಮೇಲಿನಿಂದ ನೀರು ಇಳಿದು, ಒಣಗಲು ವಾರ ಹಿಡಿಯಿತು. ಈಗ ಗದ್ದೆಗೆ ಹಾಕುವ ಗಮ್ ಬೂಟ್, ಪ್ಯಾಂಟ್ ಅದರ ಹೊರಗೆ. ನಾನ್ನೂರು ರೂಪಾಯಿ ಇರಬೇಕು. ಉಣ್ಣೆ ಗ್ಲೌಸ್ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿದರೆ ಕೈ ಬೆಚ್ಚಗಿರುತ್ತೆ. ನಗುವವರು ನಗಲಿ.

ಗಾಡಿ ಕೈ ಕೊಟ್ಟಿದ್ದು ಹೆಬ್ರಿ ದಾಟಿದ ಮೇಲೆ. ಪ್ಲಗ್ ಕ್ಯಾಪಿಗೆ ನೀರು ಹೋಗಿ ಮಿಸ್ಸಿಂಗ್ (ಎಂಜಿನ್ ತಡೆತಡೆದು ಓಡುವುದು) ಶುರುವಾಯಿತು. ಮೆಕ್ಯಾನಿಕ್ ಒಬ್ಬರು ಕಾರ್ಬ್ಯುರೇಟರ್ ಬಿಚ್ಚಿ ಏಳುನೂರು ತೆಗೆದುಕೊಂಡರು, ರೋಗ ಹಾಗೇ ಉಳಿಯಿತು. ಕೊನೆಗೆ ಕ್ಯಾಪಿಗೆ ಗ್ರೀಸ್ ತುಂಬಿ, ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತಿದೆ. ಅವತ್ತಿನಿಂದ ಒಮ್ಮೆಯೂ ನಿಂತಿಲ್ಲ. ಟೈರ್ ಮಾತ್ರ ಜೂನಿನಲ್ಲೇ ಹೊಸದು ಹಾಕಿಸಿ. ಹುಲಿಕಲ್ ಕಡೆ ರಸ್ತೆಯ ಅಂಚಿಗೆ ಪಾಚಿ ಕಟ್ಟಿರುತ್ತೆ, ಅಲ್ಲಿ ಬ್ರೇಕ್ ಮುಟ್ಟಲೇಬಾರದು, ಎರಡನೇ ಗೇರಿನಲ್ಲೇ ಇರಿ. ಹುಲಿಕಲ್ ಮಳೆ ಆಗುಂಬೆಗೆ ಏನೂ ಕಮ್ಮಿ ಅಲ್ಲ, ಎಷ್ಟೋ ವರ್ಷ ಅದನ್ನೂ ಮೀರಿಸಿದೆ.

ಮಧ್ಯೆ ಉಂಬಳದ (ರಕ್ತ ಹೀರುವ ಜಿಗಣೆ) ಪ್ರಯೋಗವನ್ನೂ ಮಾಡಿದೆ. ಒಂದು ಕಾಲಿಗೆ ಉಪ್ಪು, ಇನ್ನೊಂದಕ್ಕೆ ಸುಣ್ಣ-ಹೊಗೆಸೊಪ್ಪು. ನಗರದ ಕೋಟೆ ಸುತ್ತಿ ಬರುವಷ್ಟರಲ್ಲಿ ಉಪ್ಪು ಮಳೆಗೆ ತೊಳೆದುಹೋಗಿ ನಾಲ್ಕೈದು ಹತ್ತಿದ್ದವು. ಹೊಗೆಸೊಪ್ಪಿನ ಕಾಲಿಗೆ ಒಂದೂ ಇಲ್ಲ. ಹೆಲ್ಮೆಟ್ ಗಾಜಿಗೆ ಆವಿ ಕಟ್ಟದ ಹಾಗೆ ಶೇವಿಂಗ್ ಸೋಪು, ಆಲೂಗಡ್ಡೆ ಎರಡನ್ನೂ ಉಜ್ಜಿ ನೋಡಿದೆ. ಸೋಪೇ ಮೇಲು. ಅದಕ್ಕೆ ನಾನು ಬೆರೆಸುವುದು ಇನ್ನೊಂದಿದೆ, ಎದುರು ಸಿಕ್ಕಾಗ ಹೇಳುತ್ತೇನೆ.

ಕೊಡಚಾದ್ರಿಯನ್ನು ಇದಕ್ಕೆ ಸೇರಿಸಬೇಡಿ. 1343 ಮೀಟರಿನ ಬೆಟ್ಟ, ಅದಕ್ಕೇ ಒಂದು ದಿನ ಬೇಕು. ನಗರದ ಹತ್ತಿರ ಮೋಡ ಸರಿದರೆ ದೂರದಿಂದ ನೋಡಿ, ಅಷ್ಟು ಸಾಕು.

ಪೆಟ್ರೋಲ್ ಐನೂರು ಚಿಲ್ಲರೆ, ತಿಂಡಿ-ಊಟ ಇನ್ನೂರೈವತ್ತು. ಬೆಳಗ್ಗೆ ಐದೂವರೆಗೆ ಬಿಟ್ಟರೆ ಸಂಜೆ ಆರರ ಸುಮಾರಿಗೆ ಆಯನೂರು. ಹುಲಿಕಲ್ ಮೊದಲು ಇಳಿದು ಆಗುಂಬೆ ಕೊನೆಗೆ ಹತ್ತೋಣ ಅಂತ ಕೆಲವರು ಕೇಳುತ್ತಾರೆ. ಬೇಡ. ಸಂಜೆಯ ಮಂಜಿನಲ್ಲಿ ಆ ತಿರುವುಗಳಲ್ಲಿ ಸಿಕ್ಕಿಕೊಂಡರೆ ಹೊಳವಿಗೆ ಕಾಯಲು ಬೆಳಕೇ ಉಳಿದಿರುವುದಿಲ್ಲ.