ದಿನಾ ಕೇಳೋಕೆ ಒಂದು ಸಣ್ಣ ಸೆಲ್ ರೇಡಿಯೋ: ಕೊಳ್ಳುವ ಮುಂಚೆ ಏನು ನೋಡಬೇಕು

ಅಂಗಡಿಗೆ ಹೋಗಿ ರೇಡಿಯೋ ತೋರಿಸಿ ಅಂದರೆ ಮೊದಲು ಕೈಗೆ ಬರುವುದು ಬ್ಲೂಟೂತ್, ಪೆನ್‌ಡ್ರೈವ್, ಮೆಮರಿ ಕಾರ್ಡ್, ಟಾರ್ಚು ಎಲ್ಲಾ ಇರುವ, ಲೈಟು ಮಿನುಗುವ ಪೆಟ್ಟಿಗೆ. ಹಾಡು ಹಾಕಿಕೊಳ್ಳೋಕೆ ಅದು ಸರಿ. ಆದರೆ ಬೆಳಿಗ್ಗೆ ವಾರ್ತೆ, ಸಂಜೆ ರೈತರ ಕಾರ್ಯಕ್ರಮ, ಮಧ್ಯಾಹ್ನ ಒಂದಿಷ್ಟು ಹಾಡು ಕೇಳಬೇಕು ಅನ್ನುವವರಿಗೆ ಅದು ಸಾಲದು. ಅಂಥ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಎಫ್‌ಎಂ ಮಾತ್ರ ಇರುತ್ತದೆ, ಅದೂ ಹತ್ತಿರದ ಸ್ಟೇಷನ್ ಬಿಟ್ಟು ಬೇರೆ ಹಿಡಿಯುವುದು ಕಷ್ಟ.

ಹಾಗಾಗಿ ಯಾವ ಕಂಪನಿ, ಎಷ್ಟು ರೇಟು ಅಂತ ಕೇಳುವ ಮುಂಚೆ ಎರಡು ವಿಷಯ ತೀರ್ಮಾನ ಮಾಡಿ. ನೀವು ಕೇಳುವುದು ಯಾವ ಸ್ಟೇಷನ್? ಎಲ್ಲಿ ಕೂತು ಕೇಳುತ್ತೀರಿ? ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇದು ಊರಿಂದ ಊರಿಗೆ ಬದಲಾಗುತ್ತದೆ. ಹೊಸಪೇಟೆ ಆಕಾಶವಾಣಿ ಎಫ್‌ಎಂನಲ್ಲಿ 100.5ಕ್ಕೆ ಬರುತ್ತದೆ. ಸುತ್ತಮುತ್ತ ಬಯಲಿನ ಊರುಗಳಲ್ಲಿ ಸಾಧಾರಣ ರೇಡಿಯೋಗೂ ಸಿಗುತ್ತದೆ. ಆದರೆ ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುವಂಥದ್ದು. ಮಧ್ಯೆ ಗುಡ್ಡ ಬಂದರೆ ಹಿಂದೆ ಇರುವವರಿಗೆ ಮಂಕಾಗುತ್ತದೆ. ಆನೆಗೊಂದಿ, ಗಂಗಾವತಿ ಕಡೆಯ ಬಂಡೆಗುಡ್ಡಗಳ ಸಂದಿಯಲ್ಲಿರುವ ಮನೆ, ಸಂಡೂರಿನ ಬೆಟ್ಟದ ಮರೆಯ ಊರು ಅಂದರೆ ಈ ತೊಂದರೆ ಬಂದೇ ಬರುತ್ತದೆ. ಮೀಡಿಯಂ ವೇವ್, ಅಂದರೆ ಸೆಟ್ ಮೇಲೆ ಎಂಡಬ್ಲ್ಯೂ ಅಥವಾ ಎಎಂ ಅಂತ ಬರೆದಿರುವ ಬ್ಯಾಂಡ್, ಹಾಗಲ್ಲ, ಅದು ನೆಲ ಹಿಡಿದು ದೂರ ಬರುತ್ತದೆ. ಅದರಲ್ಲಿ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್, ಬೆಂಗಳೂರು 612. ಎರಡೂ ದೊಡ್ಡ ಸ್ಟೇಷನ್‌ಗಳು. ಕೊಪ್ಪಳದ ಕಡೆಯವರಿಗೆ ಧಾರವಾಡ ಹತ್ತಿರ, ಹಗಲಲ್ಲೇ ಪ್ರಯತ್ನ ಮಾಡಬಹುದು. ರಾಯಚೂರಿನ ಕಡೆಗೆ ಹೋದಷ್ಟೂ ಒಳ್ಳೆಯ ಸೆಟ್ ಬೇಕಾಗುತ್ತದೆ. ರಾತ್ರಿ ಈ ಅಲೆಗಳು ಆಕಾಶದಿಂದ ಪುಟಿದು ಇನ್ನೂ ದೂರ ಹೋಗುತ್ತವೆ, ಆಗ ತೆಲುಗು ತಮಿಳು ಸ್ಟೇಷನ್‌ಗಳೂ ನುಗ್ಗಿ ಬರುತ್ತವೆ. ಸುಮಾರಾದ ರೇಡಿಯೋದಲ್ಲಿ ಒಂದರ ಮೇಲೊಂದು ಮಾತಾಡಿದಂತೆ ಕೇಳುತ್ತದೆ. ಒಳ್ಳೆಯದರಲ್ಲಿ ಬೇರೆಬೇರೆಯಾಗಿ ಸಿಗುತ್ತವೆ.

ಆದ್ದರಿಂದ ನನ್ನ ಮಾತು ಇಷ್ಟೇ: ಎಫ್‌ಎಂ, ಮೀಡಿಯಂ ವೇವ್ ಎರಡೂ ಇರುವುದನ್ನೇ ತಗೊಳ್ಳಿ. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ, ಸೆಟ್‌ನ ಮೇಲೇ ನೋಡಿ. ಎಫ್‌ಎಂ ಪಟ್ಟಿಯಲ್ಲಿ 88ರಿಂದ 108, ಎಂಡಬ್ಲ್ಯೂ ಅಥವಾ ಎಎಂ ಅಂತ ಇರುವ ಪಟ್ಟಿಯಲ್ಲಿ 530ರಿಂದ 1600ರವರೆಗೆ ಅಂಕಿ ಇರಬೇಕು. ಶಾರ್ಟ್ ವೇವ್ ಎಷ್ಟು ಬ್ಯಾಂಡ್ ಇದೆ ಅಂತ ತಲೆಕೆಡಿಸಿಕೊಳ್ಳಬೇಡಿ. ದಿನಾ ಕನ್ನಡ ಕೇಳುವವರಿಗೆ ಅದರ ಅಗತ್ಯ ಬೀಳುವುದಿಲ್ಲ. ನಂಬರ್ ತೋರಿಸುವ ಡಿಜಿಟಲ್ ಸೆಟ್ ಆದರೆ ಒಂದು ಸಣ್ಣ ಎಚ್ಚರಿಕೆ ಇದೆ. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಮೆರಿಕದಲ್ಲಿ 10. ಸೆಟ್ 10ರ ಹೆಜ್ಜೆಯಲ್ಲಿ ಓಡುತ್ತಿದ್ದರೆ 612 ಮೇಲೆ ಸರಿಯಾಗಿ ನಿಲ್ಲುವುದೇ ಇಲ್ಲ, 610ರಲ್ಲೋ 620ರಲ್ಲೋ ನಿಂತು ಗೊರಗೊರ ಅನ್ನುತ್ತದೆ. ಸೆಟ್ಟಿಂಗ್‌ನಲ್ಲಿ 9ಕ್ಕೆ ಬದಲಾಯಿಸಲು ಬರುತ್ತದಾ ಅಂತ ಅಂಗಡಿಯಲ್ಲೇ ಕೇಳಿ.

ಈಗ ಗಾತ್ರದ ಮಾತು. ಜೇಬಿನಲ್ಲಿ ಹಿಡಿಸುವಂಥದ್ದು ಅಂದರೆ ಎಲ್ಲರಿಗೂ ಇಷ್ಟ. ಆದರೆ ಮೀಡಿಯಂ ವೇವ್ ಹಿಡಿಯುವುದು ಮೇಲೆ ಎಳೆಯುವ ಏರಿಯಲ್ ಅಲ್ಲ, ಒಳಗೆ ಮಲಗಿಸಿರುವ ತಾಮ್ರದ ತಂತಿ ಸುತ್ತಿದ ಕರಿ ಕಡ್ಡಿ. ಅದಕ್ಕೆ ಫೆರೈಟ್ ರಾಡ್ ಅನ್ನುತ್ತಾರೆ. ಕಡ್ಡಿ ಉದ್ದ ಇದ್ದಷ್ಟೂ ಹಿಡಿತ ಜಾಸ್ತಿ. ಜೇಬಿನ ಸೆಟ್‌ನಲ್ಲಿ ಉದ್ದ ಕಡ್ಡಿಗೆ ಜಾಗವೇ ಇರುವುದಿಲ್ಲ ಅಲ್ವಾ. ಅದಕ್ಕೇ ನಾನು ಅಂಗೈಗಿಂತ ದೊಡ್ಡದು, ಒಂದು ಕೈಯಲ್ಲಿ ಹಿಡಿದು ಓಡಾಡಬಹುದಾದ, ಪುಸ್ತಕದಷ್ಟು ಅಗಲದ ಸೆಟ್ ತಗೊಳ್ಳಿ ಅನ್ನುತ್ತೇನೆ. ಸ್ಪೀಕರ್ ಕೂಡ ದೊಡ್ಡದಾಗುತ್ತದೆ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಕಿವಿ ಮಂದ ಆಗಿರುವ ಅಪ್ಪ ಅಮ್ಮನಿಗೆ ಕೊಡಿಸುವುದಾದರೆ ಇದು ತುಂಬಾ ಮುಖ್ಯ. ಸಣ್ಣ ಸ್ಪೀಕರ್‌ನಲ್ಲಿ ಸೌಂಡು ಏರಿಸಿದರೆ ಕೀರಲಾಗುತ್ತದೆ, ಮಾತು ಅರ್ಥ ಆಗುವುದಿಲ್ಲ.

ಈ ಕಡ್ಡಿಗೆ ಇನ್ನೊಂದು ಗುಣ ಇದೆ, ಇದನ್ನು ತಿಳಿದವರು ಕಡಿಮೆ. ಅದಕ್ಕೆ ದಿಕ್ಕು ಉಂಟು. ಕಡ್ಡಿಯ ತುದಿ ಸ್ಟೇಷನ್ ಕಡೆ ತಿರುಗಿದ್ದರೆ ದನಿ ಸಾಯುತ್ತದೆ, ಕಡ್ಡಿಯ ಪಕ್ಕ ಸ್ಟೇಷನ್ ಕಡೆ ಇದ್ದರೆ ತುಂಬಿ ಬರುತ್ತದೆ. ಮೆಣಸಿನಕಾಯಿ ಹೊಲದ ಬದುವಿನ ಮೇಲೆ ರೇಡಿಯೋ ಇಟ್ಟು ಧಾರವಾಡ ಹಚ್ಚಿದ್ದೀರಿ, ಗರಗರ ಅನ್ನುತ್ತಿದೆ ಅಂದುಕೊಳ್ಳಿ. ಸ್ಟೇಷನ್ ಮುಳ್ಳು ಮುಟ್ಟಬೇಡಿ. ಸೆಟ್ಟನ್ನೇ ನೆಲದ ಮೇಲೆ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಕಾಲು ಸುತ್ತು ತಿರುಗುವಷ್ಟರಲ್ಲಿ ಎಲ್ಲೋ ಒಂದು ಕಡೆ ಗರಗರ ಹಿಂದೆ ಸರಿದು ವಾರ್ತೆ ಓದುವವರ ದನಿ ಮುಂದೆ ಬರುತ್ತದೆ. ಅಲ್ಲಿ ಬಿಡಿ. ಎಷ್ಟೋ ಜನ ರೇಡಿಯೋ ಕೆಟ್ಟಿದೆ ಅಂತ ಮೂಲೆಗೆ ಹಾಕಿರುತ್ತಾರೆ, ಬರೀ ತಿರುಗಿಸಿ ಇಟ್ಟಿದ್ದರೆ ಸಾಕಿತ್ತು.

ಎಫ್‌ಎಂಗೆ ಮಾತ್ರ ಎಳೆಯುವ ಏರಿಯಲ್ ಬೇಕು. 100ರ ಹತ್ತಿರದ ಸ್ಟೇಷನ್‌ಗೆ ಮುಕ್ಕಾಲು ಮೀಟರ್ ಏರಿಯಲ್ ಹೇಳಿಮಾಡಿಸಿದ ಉದ್ದ. ಸಣ್ಣ ಸೆಟ್‌ಗಳಲ್ಲಿ ಅಷ್ಟು ಬರುವುದಿಲ್ಲ, ಆದರೂ ಇರುವುದರಲ್ಲಿ ಉದ್ದ ಇರುವುದನ್ನು ಆರಿಸಿ. ಪೂರ್ತಿ ಎಳೆದು ಬುಡದ ಕೀಲು ಅಲ್ಲಾಡಿಸಿ ನೋಡಿ. ಸಡಿಲ ಇದ್ದರೆ ಆರು ತಿಂಗಳಲ್ಲಿ ಮುರಿಯುತ್ತದೆ.

ಪರೀಕ್ಷೆ ಅಂಗಡಿಯ ಒಳಗೆ ಮಾಡಬೇಡಿ. ಒಳಗೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲಾ ಸೇರಿ ಮೀಡಿಯಂ ವೇವ್‌ನಲ್ಲಿ ಬರೀ ಜುಂಯ್ ಅನ್ನುವ ಸದ್ದು ತುಂಬುತ್ತವೆ. ಸೆಲ್ ಹಾಕಿಸಿ, ರಸ್ತೆಗೆ ಬನ್ನಿ. ಗಟ್ಟಿ ಸ್ಟೇಷನ್ ಎಲ್ಲಾ ಸೆಟ್‌ಗೂ ಸಿಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕ್ಷೀಣವಾಗಿ ಬರುವ ಒಂದು ಸ್ಟೇಷನ್ ಹುಡುಕಿ, ಎರಡು ಸೆಟ್ ಪಕ್ಕಪಕ್ಕ ಇಟ್ಟು, ಒಂದು ಆಫ್ ಮಾಡಿ ಇನ್ನೊಂದು ಕೇಳಿ. ಒಂದೇ ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮುಳ್ಳು ಇರುವ ಸೆಟ್ ಆದರೆ ಸ್ಟೇಷನ್ ತಿರುಗಿಸುವ ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಆಡಿಸಿ. ಗುಂಡಿ ತಿರುಗಿದರೂ ಮುಳ್ಳು ಅಲ್ಲಾಡದೆ ನಿಂತಿದ್ದು ಆಮೇಲೆ ಜಿಗಿದರೆ ಆ ಸೆಟ್ ಬೇಡ, ದಿನಾ ಸ್ಟೇಷನ್ ಹಿಡಿಯುವುದೇ ಒಂದು ಕೆಲಸವಾಗುತ್ತದೆ. ವಯಸ್ಸಾದವರಿಗೆ ಮುಳ್ಳಿನ ಸೆಟ್ಟೇ ಹಿತ, ಆನ್ ಮಾಡಿದರೆ ನಿನ್ನೆ ಬಿಟ್ಟಲ್ಲೇ ಇರುತ್ತದೆ. ಒಂದೇ ಗುಂಡಿ ಒತ್ತಿ ಸ್ಟೇಷನ್ ಬದಲಿಸಬೇಕು ಅನ್ನುವವರಿಗೆ ಡಿಜಿಟಲ್ ಸರಿ.

ಸೆಲ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಮಾಮೂಲಿ ಸೆಲ್ ಹಾಕುವ ಸೆಟ್ ತಗೊಳ್ಳಿ. ಪೆನ್ಸಿಲ್ ಸೆಲ್ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್‌ನಲ್ಲಿ 2000 ಮಿಲಿಆಂಪ್ ಅವರ್ ಹತ್ತಿರ ಶಕ್ತಿ ಇರುತ್ತದೆ. ಸಣ್ಣ ರೇಡಿಯೋ ಹದವಾದ ಸೌಂಡಿನಲ್ಲಿ 40 ಮಿಲಿಆಂಪ್ ಎಳೆಯಿತು ಅಂದುಕೊಂಡರೆ 50 ತಾಸು. ದಿನಕ್ಕೆ ಎರಡು ತಾಸು ಕೇಳುವವರಿಗೆ ಮೂರು ವಾರ ದಾಟುತ್ತದೆ. ಅಗ್ಗದ ಮಾಮೂಲಿ ಸೆಲ್ ಆದರೆ ಇದರ ಅರ್ಧಕ್ಕಿಂತ ಕಡಿಮೆ ಅಂತಲೇ ಲೆಕ್ಕ ಹಾಕಿ. ಕೇಳುವುದು ಜಾಸ್ತಿ ಇದ್ದರೆ ದೊಡ್ಡ ಸೆಲ್ ಹಾಕುವ ಸೆಟ್ ನೋಡಿ, ತೂಕ ಆದರೂ ತಿಂಗಳುಗಟ್ಟಲೆ ಬರುತ್ತದೆ. ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ಕೂಡ ನಡೆಯುತ್ತದೆ. ಅದು 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತದೆ, ಹೆಚ್ಚಿನ ರೇಡಿಯೋಗಳಿಗೆ ಅಷ್ಟು ಸಾಕು.

ಒಳಗೇ ಬ್ಯಾಟರಿ ಕೂಡಿಸಿ ಮುಚ್ಚಿಬಿಟ್ಟ ಸೆಟ್ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡು, ಟ್ರ್ಯಾಕ್ಟರ್ ಸೀಟು ಇನ್ನೂ ಕಾದಿರುತ್ತವೆ. ಲಿಥಿಯಂ ಬ್ಯಾಟರಿಗೆ ಕಾವು ಆಗಿಬರುವುದಿಲ್ಲ, ಬೇಗ ಸೊರಗುತ್ತದೆ, ಕೆಲವು ಸಲ ಉಬ್ಬುತ್ತದೆ. ಬ್ಯಾಟರಿ ಹೋದ ದಿನ ರೇಡಿಯೋವೂ ಹೋಯಿತು. ಚಾರ್ಜ್ ಮಾಡುವುದೇ ಬೇಕು ಅಂದರೆ ಮುಚ್ಚಳ ತೆಗೆದು ಬ್ಯಾಟರಿ ಬದಲಿಸಲು ಬರುವಂಥದ್ದು ಇರಲಿ. ಹಳೆ ಕೀಪ್ಯಾಡ್ ಮೊಬೈಲಿನ ಬ್ಯಾಟರಿಯೇ ಕೂಡುವ ಸೆಟ್‌ಗಳೂ ಇವೆ, ಅವು ಪರವಾಗಿಲ್ಲ.

ಇನ್ನು ಧೂಳು. ಎರೆಭೂಮಿಯ ಸಣ್ಣ ಧೂಳು ಸೌಂಡಿನ ಗುಂಡಿಯೊಳಗೆ ಹೋಗಿ ಕೂತರೆ ಸೌಂಡು ಏರಿಸುವಾಗ ಪರಪರ ಸದ್ದು ಬರುತ್ತದೆ. ಸೆಟ್ ಆಫ್ ಮಾಡಿ ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ, ಬಹಳ ಸಲ ಸರಿಹೋಗುತ್ತದೆ. ಹೊಲಕ್ಕೆ ಒಯ್ಯುವಾಗ ಬಟ್ಟೆ ಚೀಲದಲ್ಲಿಡಿ. ಸ್ಟೀಲ್ ಡಬ್ಬಿಯಲ್ಲಿಟ್ಟರೆ ಸ್ಟೇಷನ್ ಬರುವುದಿಲ್ಲ. ಸೋಲಾರ್ ಪಂಪಿನ ಕಂಟ್ರೋಲರ್ ಹತ್ತಿರವೂ ಇಡಬೇಡಿ, ಹತ್ತಿಪ್ಪತ್ತು ಹೆಜ್ಜೆ ದೂರ ಹೋದರೆ ಮೀಡಿಯಂ ವೇವ್ ತಿಳಿಯಾಗುತ್ತದೆ. ಕರೆಂಟು ಹೋದಾಗ ಧಾರವಾಡ ಇನ್ನೂ ಚೆನ್ನಾಗಿ ಬರುವುದನ್ನು ನೀವೇ ಗಮನಿಸಿರಬಹುದು. ಸುತ್ತಲಿನ ಬಲ್ಬು, ಚಾರ್ಜರ್ ಎಲ್ಲಾ ಸುಮ್ನೆ ಆಗಿರುತ್ತವೆ, ಅದೇ ಕಾರಣ.

ದುಡ್ಡು ಕೊಡುವ ಮುಂಚೆ ಸೆಲ್ ಮುಚ್ಚಳ ಒಮ್ಮೆ ತೆಗೆದು ಹಾಕಿ ನೋಡಿ. ಮುಚ್ಚಳದ ಸಣ್ಣ ಕೊಂಡಿ ತೆಳ್ಳಗಿದ್ದರೆ ಬೇಗ ಮುರಿದು, ಆಮೇಲೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡೇ ಓಡಾಡಬೇಕಾಗುತ್ತದೆ. ಸ್ಪ್ರಿಂಗ್ ಬೆರಳಿನಿಂದ ಒತ್ತಿ, ತಕ್ಷಣ ಮೇಲೆ ಬರಬೇಕು. ಹಸಿರು ಕಿಲುಬು ಕಂಡರೆ ಬೇರೆ ಸೆಟ್ ಕೇಳಿ. ಹೊಸದು, ಹಳೆಯದು ಸೆಲ್ ಬೆರೆಸಿ ಹಾಕಬೇಡಿ. ಸುಗ್ಗಿ ಮುಗಿದು ರೇಡಿಯೋ ಕೆಲವು ವಾರ ಸುಮ್ನೆ ಇಡುವುದಾದರೆ ಸೆಲ್ ತೆಗೆದಿಡಿ, ಸೋರಿದ ಸೆಲ್ಲಿನಷ್ಟು ರೇಡಿಯೋ ಹಾಳುಮಾಡುವುದು ಇನ್ನೊಂದಿಲ್ಲ. ಬಿಲ್ಲು ಬರೆಸಿಕೊಳ್ಳಿ, ಮನೆಯಲ್ಲಿ ಸ್ಟೇಷನ್ ಸಿಗದಿದ್ದರೆ ಎರಡು ದಿನದಲ್ಲಿ ಬದಲಿಸಿ ಕೊಡುತ್ತೀರಾ ಅಂತ ಮೊದಲೇ ಕೇಳಿ, ಒಪ್ಪಿದರೆ ಅದನ್ನೂ ಬಿಲ್ಲಿನ ಮೇಲೇ ಬರೆಸಿ.