ಮೀನು ಮಾರುವ ಅಕ್ಕಂದಿರು ಮತ್ತು ಸ್ಕ್ಯಾನರ್: ನನ್ನ ಅನುಭವ

ಮಲ್ಪೆ ಬಂದರಿನಿಂದ ಮೀನು ತಂದು ಉಡುಪಿಯಲ್ಲಿ ಮಾರುವ ನಮ್ಮ ಸಂಘದ 14 ಮಂದಿ ಅಕ್ಕಂದಿರಿಗೆ ಯುಪಿಐ ಕಲಿಸುವ ಕೆಲಸವನ್ನು ಮೊದಲ ಸಲ ನಾನು ಒಂದೇ ದಿನದಲ್ಲಿ ಮುಗಿಸಿದ್ದೆ. ಕ್ಯೂಆರ್ ಕಾರ್ಡು ಹಂಚಿ ಎರಡು ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಕಾರ್ಡುಗಳೆಲ್ಲ ಬುಟ್ಟಿಯ ಅಡಿಗೆ ಸೇರಿದ್ದವು. ‘ಹೆದರಿಕೆ’ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಆ ಒಂದು ಪದ ನನ್ನನ್ನು ಬಹಳ ದಿನ ದಾರಿ ತಪ್ಪಿಸಿತು.

ಆಮೇಲೊಂದು ದಿನ ನಸುಕಿನಲ್ಲೇ ಒಬ್ಬ ಅಕ್ಕನ ಜೊತೆ ದೋಣಿಗಳು ಮೀನು ಇಳಿಸುವ ದಕ್ಕೆಗೆ ಹೋದೆ. ಏಲಂನಲ್ಲಿ ಮೀನು ಹಿಡಿಯಲು ನೋಟು, ಐಸಿಗೆ ನೋಟು, ರಿಕ್ಷಾಕ್ಕೆ ನೋಟು. ಬಂಗುಡೆ, ಬೂತಾಯಿ ಮಾರಿ ಮಧ್ಯಾಹ್ನ ಲೆಕ್ಕ ಹಾಕುವಾಗ ದುಡ್ಡು ಮೂರು ಪಾಲಾಯಿತು. ನಾಳೆಯ ಬಂಡವಾಳ ಸೊಂಟದ ಚೀಲಕ್ಕೆ, ಸಂಘದ ಕಂತು ಎಲೆಯಡಿಕೆ ಸಂಚಿಗೆ, ಮನೆಖರ್ಚಿನದ್ದು ಸೆರಗಿನ ಗಂಟಿಗೆ. ಒಂದರ ದುಡ್ಡು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದಕ್ಕೆ ಮೆಂಟಲ್ ಅಕೌಂಟಿಂಗ್ ಎಂದು ಹೆಸರಿಟ್ಟಿದ್ದಾರೆ. ಓದಿ ಗೊತ್ತಿತ್ತು, ಆದರೆ ಕಣ್ಣಾರೆ ಕಂಡದ್ದು ಆವತ್ತು.

ನಾನು ಕೊಟ್ಟ ಕಾರ್ಡು ಈ ಮೂರನ್ನೂ ಒಂದೇ ಖಾತೆಗೆ ಸುರಿಯುತ್ತಿತ್ತು. ಅದೂ ಎಂಥ ಖಾತೆ? ಒಬ್ಬರದ್ದರಲ್ಲಿ ಮಗನ ಬೈಕಿನ ಸಾಲದ ಕಂತು ತನ್ನಿಂತಾನೇ ಕಡಿತವಾಗುತ್ತಿತ್ತು. ಮೀನು ಮಾರಿ ಬಂದ ದುಡ್ಡು ರಾತ್ರೋರಾತ್ರಿ ಕಂತಿಗೆ ಹೋಗಿ, ಮರುದಿನ ಅವರು ಬಡ್ಡಿಗೆ ತಂದು ಏಲಂಗೆ ನಿಂತಿದ್ದರು. ಕಳೆದುಕೊಂಡ ನೂರು ರೂಪಾಯಿಯ ನೋವು ಸಿಕ್ಕಿದ ನೂರರ ಖುಷಿಗಿಂತ ಸುಮಾರು ಎರಡು ಪಟ್ಟು ಭಾರ ಎಂದು ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ, ಕಾನೆಮನ್ 1992ರಲ್ಲಿ ಅಂದಾಜಿಸಿದ್ದರು. ಇಲ್ಲಿ ಹೋದದ್ದು ಒಂದಿಡೀ ದಿನದ ದುಡಿಮೆ. ನಾನೋ ‘ಚಿಲ್ಲರೆ ತಾಪತ್ರಯ ಇಲ್ಲ’ ಎಂಬ ಲಾಭ ಹೇಳಿಕೊಂಡು ತಿರುಗುತ್ತಿದ್ದೆ. ಆ ಅಕ್ಕನ ಬಡ್ಡಿ ದುಡ್ಡು ನೆನಪಾದರೆ ಈಗಲೂ ಮನಸ್ಸು ಕುಗ್ಗುತ್ತದೆ.

ಎರಡನೇ ಸಲ ಜುಲೈಯಲ್ಲಿ ಶುರು ಮಾಡಿದೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಟಿ ತಿಂಗಳ ಮಳೆಯಲ್ಲಿ ವ್ಯಾಪಾರ ತೆಳು, ಕೂತು ಮಾತಾಡಲು ಹೊತ್ತು ಸಿಗುತ್ತದೆ.

ಮೊದಲು ಮಾಡಿದ್ದು ಫೋನಿನ ಕೆಲಸವೇ ಅಲ್ಲ. ಬಂಡವಾಳಕ್ಕೆಂದೇ ಅವರವರ ಹೆಸರಿನಲ್ಲಿ ಶೂನ್ಯ ಬ್ಯಾಲೆನ್ಸಿನ ಬೇರೆ ಖಾತೆ ತೆರೆಸಿದೆವು. ‘ಇದು ಸೊಂಟದ ಚೀಲ’ ಎಂದೆ, ಮತ್ತೇನೂ ವಿವರಿಸಬೇಕಾಗಲಿಲ್ಲ. ಆಮೇಲೆ ಅವರಿಗೆ ಮೀನು ಕೊಡುವ ಇಬ್ಬರನ್ನೂ ಐಸಿನವರನ್ನೂ ಯುಪಿಐಯಲ್ಲಿ ದುಡ್ಡು ತೆಗೆದುಕೊಳ್ಳಲು ಒಪ್ಪಿಸಿದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಇವತ್ತು ಒಳಗೆ ಬಂದದ್ದು ನಾಳೆ ನಸುಕಿಗೆ ಎಟಿಎಂ ಹುಡುಕದೆ ಹೊರಗೆ ಹೋಗುವಂತಿದ್ದರೆ ಮಾತ್ರ ಅದು ದುಡ್ಡು. ಅಕ್ಕಂದಿರಲ್ಲಿ ಇಬ್ಬರ ಬಳಿ ಇದ್ದದ್ದು ಕೀಪ್ಯಾಡ್ ಫೋನು. ಅವರಿಗೆ 2022ರಲ್ಲಿ ಬಂದ, ಇಂಟರ್ನೆಟ್ ಇಲ್ಲದ ಫೋನಿನಲ್ಲೂ ನಡೆಯುವ ಯುಪಿಐ 123ಪೇ ತೋರಿಸಿದೆ.

ಕಲಿಸುವ ವಿಷಯವನ್ನೂ ಎರಡೇ ಮಾತಿಗೆ ಇಳಿಸಿದೆ. ದುಡ್ಡು ಬರಲು ಪಿನ್ ಬೇಡ. ಕೇಳಿದರೆ ಅದು ಮೋಸ. ಮತ್ತೆ, ದುಡ್ಡು ಬಂದದ್ದನ್ನು ಹೇಳುವ ಸೌಂಡ್ ಬಾಕ್ಸ್ ಡಬ್ಬ ಮಾತಾಡಿದ ಮೇಲೆ ಮೀನಿನ ಚೀಲ ಕೊಡುವುದು. ‘ಹೀಗಾದರೆ ಹೀಗೆ’ ಎಂದು ಮೊದಲೇ ಕಟ್ಟಿಕೊಂಡ ಸಂಕಲ್ಪ ಜಾರಿಗೆ ಬರುವುದು ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದಿದ್ದರು. ಮೀನು ಕೊಯ್ಯುವ ಒದ್ದೆ ಕೈಯಲ್ಲಿ ಫೋನು ಮುಟ್ಟಲು ಆಗುವುದೇ ಇಲ್ಲ. ಕನ್ನಡದಲ್ಲಿ ಕೂಗಿ ಹೇಳುವ ಸೌಂಡ್ ಬಾಕ್ಸ್ ಇರದಿದ್ದರೆ ಈ ನಿಯಮ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ರೂಪಾಯಿ ಕಳಿಸುತ್ತಾ ಕೂತೆವು. ಮೊದಲ ಸಲ ಡಬ್ಬ ಕೂಗಿದಾಗ ‘ಬತ್ತ್ಂಡಾ?’ (ಬಂತಾ?) ಎಂದು ಪಕ್ಕದವರೆಲ್ಲ ಬಗ್ಗಿ ನೋಡಿದರು.

ಇನ್ನೊಂದು ತಿದ್ದುಪಡಿ. ಹಿಂದಿನ ಸಲ ಮಾದರಿಯಾಗಿ ತೋರಿಸಿದ್ದು ಪಿಯುಸಿ ಓದಿದ ಹುಡುಗಿಯನ್ನು. ‘ಅವಳು ಕಲಿತವಳು, ಅವಳಿಗಾಗುತ್ತದೆ’ ಎಂದು ಉಳಿದವರು ಪಕ್ಕಕ್ಕೆ ಸರಿದಿದ್ದರು. ಈ ಸಲ ಶಾಲೆಯ ಮುಖ ನೋಡದ, ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ ಅಕ್ಕನಿಂದ ಶುರು ಮಾಡಿದೆ. ಕಣ್ಣಿಗೆ ಕಾಣುವ, ಸಣ್ಣದಾಗಿ ಪರೀಕ್ಷಿಸಿ ನೋಡಬಹುದಾದ ಹೊಸತು ಬೇಗ ಹಬ್ಬುತ್ತದೆ ಎಂದು ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲೇ ಹೇಳಿದ್ದರು. ಯಾರ ಬುಟ್ಟಿಯ ಪಕ್ಕದಲ್ಲಿ ಕಾಣುತ್ತದೆ ಎಂಬುದೂ ಅಷ್ಟೇ ಮುಖ್ಯ ಎಂದು ನಾನು ಸೇರಿಸುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಕಾರ್ಡುಗಳು ಬುಟ್ಟಿಯ ಅಡಿಯಿಂದ ಎದುರಿಗೆ ಬಂದವು.

ಹದಿಮೂರು ಮಂದಿಯದ್ದು. ಹದಿನಾಲ್ಕನೆಯವರು ಬೇಡವೆಂದರು. ನಾನು ಒತ್ತಾಯಿಸುತ್ತಲೇ ಇದ್ದೆ. ಒಂದು ದಿನ ಅವರು ನನ್ನನ್ನು ಬದಿಗೆ ಕರೆದು, ಗಂಡನಿಗೆ ತಿಳಿಯದಂತೆ ಮಗಳ ಕಾಲೇಜಿಗೆ ಕೂಡಿಡುವ ದುಡ್ಡಿನ ಸಂಗತಿ ಹೇಳಿದರು. ಫೋನಿಗೆ ಬರುವ ಪ್ರತಿ ಮೆಸೇಜನ್ನೂ ಮನೆಯಲ್ಲಿ ಗಂಡನೇ ಓದುವುದಂತೆ. ಕಾರ್ಡನ್ನು ಅಲ್ಲೇ ವಾಪಸು ತೆಗೆದುಕೊಂಡೆ.