ಪರ್ಸ್ ಸಿಕ್ಕಿತಾ? ಫೋಟೋ ಹಾಕೋಕೆ ಮುಂಚೆ ಒಂದು ನಿಮಿಷ

ನಮ್ಮ ಕಾಲೇಜು ಲೈಬ್ರರಿಯಲ್ಲಿ ಮಕ್ಕಳು ಬಿಟ್ಟುಹೋದ ಸಾಮಾನು ನೋಡಿಕೊಳ್ಳುವ ಕೆಲಸ ನನ್ನದು. ಛತ್ರಿ, ನೀರಿನ ಬಾಟಲಿ, ಕ್ಯಾಲ್ಕುಲೇಟರ್, ಇವೇ ಜಾಸ್ತಿ. ಇವುಗಳ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಏನೂ ತೊಂದರೆಯಿಲ್ಲ. ಪರ್ಸು, ಬೀಗದ ಕೈ, ಗುರುತಿನ ಚೀಟಿ ಬಂದರೆ ಮಾತ್ರ ನಾನು ಫೋಟೋನೇ ಹಾಕುವುದಿಲ್ಲ.

ಒಮ್ಮೆ ಒಂದು ಪರ್ಸ್ ಸಿಕ್ಕಿತ್ತು. ಬಸ್ ಪಾಸು, ಆಧಾರ್, ಎಟಿಎಂ ಕಾರ್ಡು, ಜೊತೆಗೆ ಅರ್ಧ ಖಾಲಿಯಾದ ಮಾತ್ರೆ ಶೀಟು, ಮಡಚಿಟ್ಟ ಡಾಕ್ಟರ್ ಚೀಟಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿ ಒಂದು ಫೋಟೋ ಹಾಕಿಬಿಟ್ಟಿದ್ದರೆ ಆ ಹುಡುಗಿ ಯಾವ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾಳೆ, ಮನೆ ಎಲ್ಲಿ ಅನ್ನುವುದೆಲ್ಲ ಇಡೀ ಕಾಲೇಜಿಗೆ ಗೊತ್ತಾಗುತ್ತಿತ್ತು. ಪಾಸಿನಲ್ಲಿದ್ದ ಹೆಸರು ನೋಡಿ, ನಮ್ಮ ರಿಜಿಸ್ಟರ್‌ನಲ್ಲಿ ನಂಬರ್ ಹುಡುಕಿ ಅವಳಿಗೇ ಫೋನ್ ಮಾಡಿದೆ. "ಸರ್, ಗ್ರೂಪಲ್ಲಿ ಹಾಕಿಲ್ಲ ಅಲ್ವಾ?" ಅಂತ ಮೊದಲು ಕೇಳಿದಳು. ದುಡ್ಡಿನ ಮಾತು ಆಮೇಲೆ ಬಂತು.

ನಂಬರ್ ಮುಚ್ಚಿ ಹಾಕಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಆಧಾರ್ ನಂಬರ್ ಮುಚ್ಚಿ ಕ್ಯೂಆರ್ ಕೋಡ್ ಹಾಗೇ ಬಿಟ್ಟರೆ, ಅದನ್ನು ಸ್ಕ್ಯಾನ್ ಮಾಡಿದವರಿಗೆ ಹೆಸರು, ವಿಳಾಸ ಎಲ್ಲ ಸಿಗುತ್ತದೆ. ಮೊಬೈಲಿನ ಹೈಲೈಟರ್ ಪೆನ್ನಿನಿಂದ ಕಪ್ಪು ಗೀಚಿದರೂ ಅಷ್ಟೇ, ಅದು ಪೂರ್ತಿ ಮುಚ್ಚುವುದಿಲ್ಲ, ಬ್ರೈಟ್‌ನೆಸ್ ಏರಿಸಿದರೆ ಎಷ್ಟೋ ಸಲ ಕೆಳಗಿನ ಅಂಕಿ ಕಾಣುತ್ತದೆ. ಇನ್ನು ಬೀಗದ ಕೈ. ಅದರ ಹಲ್ಲುಗಳು ಕಾಣುವ ಫೋಟೋ ಒಂದಿದ್ದರೆ ನಕಲಿ ಕೀ ಮಾಡಬಹುದು ಅಂತ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲೇ ಮಾಡಿ ತೋರಿಸಿದ್ದಾರೆ, ಅದೂ ದೂರದಿಂದ ತೆಗೆದ ಫೋಟೋದಿಂದ.

ಅದಕ್ಕೇ ನಾನು ಬರೆಯುವುದು ಇಷ್ಟೇ: "ಒಂದು ಪರ್ಸ್ ಸಿಕ್ಕಿದೆ, ಗುರುತು ಹೇಳಿ ತಗೊಂಡು ಹೋಗಿ." ಬಣ್ಣವನ್ನೂ ಹೇಳುವುದಿಲ್ಲ, ಸಿಕ್ಕಿದ ಜಾಗವನ್ನೂ ಹೇಳುವುದಿಲ್ಲ. ಬಂದವರನ್ನು ಕೇಳಲು ನನ್ನ ಹತ್ತಿರ ಏನಾದರೂ ಉಳಿದಿರಬೇಕು ನೋಡಿ. ಜಿಪ್ ಯಾವ ಕಡೆ ಕಿತ್ತಿದೆ, ಕೀ ಗೊಂಚಲಲ್ಲಿ ಏನು ನೇತಾಡುತ್ತಿದೆ ಅಂದರೆ ನಿಜವಾದವರು ಥಟ್ಟನೆ ಹೇಳುತ್ತಾರೆ. ಫೋಟೋದಲ್ಲಿ ಎಲ್ಲ ತೋರಿಸಿಬಿಟ್ಟರೆ ಯಾರು ಬೇಕಾದರೂ ಬಂದು ನಂದೇ ಅನ್ನಬಹುದು.

ಛತ್ರಿಯ ಫೋಟೋವನ್ನೂ ಸಾಮಾನು ಕೊಟ್ಟ ದಿನವೇ "ಎಲ್ಲರಿಗೂ ಡಿಲೀಟ್" ಮಾಡುತ್ತೇನೆ. ಎರಡು ದಿನ ಚಿಲ್ಲರೆ ಕಳೆದರೆ ವಾಟ್ಸಾಪ್ ನಾವು ಕಳಿಸಿದ್ದನ್ನು ಹಾಗೆ ಅಳಿಸಲು ಬಿಡುವುದಿಲ್ಲ. ಅಷ್ಟರಲ್ಲಿ ಬೇರೆಯವರ ಗ್ಯಾಲರಿಗೆ ಇಳಿದ ಫೋಟೋಗಳನ್ನಂತೂ ವಾಪಸ್ ತರಲು ಆಗುವುದೇ ಇಲ್ಲ.